ಮಿರಗದ ಕೆಸರಿಗೆ ಒಂದು ಜೋಡಿ ಬೂಟು

“ಟೈಟ್ ಹೈ ಕ್ಯಾ, ಢೀಲಾ?”

ಹೈದರಾಬಾದಿನ ಕೋಠಿಯ ಚಪ್ಪಲಿ ಅಂಗಡಿಯವನು ಮತ್ತೆ ಕೇಳಿದ. ಬಿಗಿಯೋ, ಸಡಿಲವೋ? ಮಕ್ಕಳೂ ಉತ್ತರಿಸಬಹುದಾದ ಪ್ರಶ್ನೆ. ಆದರೆ ಮೌನಪ್ಪನಿಗೆ ಉತ್ತರ ಗೊತ್ತಿರಲಿಲ್ಲ. ಅವನ ಬಲಗಾಲು ಕಪ್ಪು ಗಮ್‌ಬೂಟಿನೊಳಗೆ ಮೊಣಕಾಲಿನವರೆಗೆ ಇಳಿದಿತ್ತು. ಇಳಿದಿದೆ ಎಂದು ಕಣ್ಣು ಹೇಳುತ್ತಿತ್ತು. ಕಾಲು ಏನನ್ನೂ ಹೇಳುತ್ತಿರಲಿಲ್ಲ.

“ಬರೋಬ್ಬರಿ ಐತಿ,” ಎಂದ ಮೌನಪ್ಪ.

“ಚಲ್ ಕೇ ದೇಖೋ ಚಾಚಾ. ಕೀಚಡ್ ಮೇ ಢೀಲಾ ನಕ್ಕೋ.”

ನಡೆದು ನೋಡು, ಕೆಸರಿಗೆ ಸಡಿಲವಾದದ್ದು ಬೇಡ, ಕೆಸರು ಬೂಟನ್ನೇ ಎಳೆದುಕೊಳ್ಳುತ್ತದೆ ಎಂದು ಅಂಗಡಿಯವನು ಕೈಯಿಂದ ಅಭಿನಯಿಸಿ ತೋರಿಸಿದ. ಲೇಸು ಕಟ್ಟುವ ಕ್ಯಾನ್ವಾಸ್ ಶೂ ತೆಗೆದು ಮುಂದಿಟ್ಟ; ನೀರು ಹೊಕ್ಕರೂ ಹೊರಗೆ ಹೋಗುತ್ತದೆ, ಕಣಕಾಲಿಗೆ ಬಿಗಿದರೆ ಯಾವ ಕೆಸರೂ ಕಸಿಯಲಾರದು ಎಂದ. ಹಿಮ್ಮಡಿಗೆ ಪಟ್ಟಿಯಿದ್ದ ಪ್ಲಾಸ್ಟಿಕ್ ಸ್ಯಾಂಡಲ್ ತೋರಿಸಿದ. ಮೌನಪ್ಪ ಎರಡನ್ನೂ ದೂರ ಸರಿಸಿದ. ಬಿಗಿದ ಲೇಸು ಚರ್ಮವನ್ನು ಕೊರೆದರೆ ತಿಳಿಯುವುದು ಹೇಗೆ? ಪಟ್ಟಿ ಉಜ್ಜಿ ಗಾಯವಾದರೆ? ಅವನು ತನ್ನ ಅಳತೆಗಿಂತ ದೊಡ್ಡ ಗಮ್‌ಬೂಟನ್ನೇ ಆರಿಸಿದ. ಸಡಿಲವಾಗಿದ್ದರೆ ಗಾಯವಾಗದು ಎಂಬುದು ಅವನ ಲೆಕ್ಕ. ಆ ಲೆಕ್ಕವನ್ನು ಯಾರ ಮುಂದೆಯೂ ಬಿಡಿಸಿ ಹೇಳುವಂತಿರಲಿಲ್ಲ.

ಪಕ್ಕದ ಸ್ಟೂಲಿನಲ್ಲಿ ಕುಳಿತಿದ್ದ ಹೆಂಡತಿ ಬಂಡೆಮ್ಮ ಬೂಟನ್ನು ನೋಡಿ ಮೂಗು ಮುರಿದಳು.

“ಗಂಗವ್ವನ ಮೈಮ್ಯಾಲೆ ಬೂಟ್ ಹಾಕ್ಕೊಂಡು ಇಳಿಯೋ ಅಂಬಿಗರನ್ನ ನಾ ಇವತ್ತೇ ನೋಡಾಕತ್ತೀನಿ.”

“ಕೆರ್‍ಯಾಗ ಗಾಜು ಭಾಳ ಐತಿ. ಮುಳುಗಿಸಿದ ಗಣಪ್ಪನ ತಂತಿ ಬ್ಯಾರೆ.”

“ಹ್ವಾದ ವರ್ಷ ಇರಲಿಲ್ಲೇನ್ರಿ ಗಾಜು? ಹ್ವಾದ ವರ್ಷದ ಗಣಪ್ಪನ್ನ ಏನ್ ಹತ್ತೀಲೆ ಮಾಡಿದ್ರ?”

ಮೌನಪ್ಪ ದುಡ್ಡು ಎಣಿಸಿ ಕೊಟ್ಟ. ಬೂಟುಗಳನ್ನು ಚೀಲಕ್ಕೆ ಹಾಕಿಸಿಕೊಂಡು ಬಸ್ಸಿನತ್ತ ನಡೆದ. ನಡೆಯುವಾಗ ನೆಲ ನೋಡುತ್ತಲೇ ನಡೆದ. ಈಚೆಗೆ ಅವನು ಹೀಗೆಯೇ ನಡೆಯುತ್ತಿದ್ದ.

ಸಂಕ್ರಾಂತಿಯ ಹೊತ್ತಿಗೆ ಕಾಲ್ಬೆರಳುಗಳಲ್ಲಿ ಜೋಮು ಶುರುವಾಗಿತ್ತು. ಬೇಸಿಗೆಗೆ ಅದು ಅಂಗಾಲನ್ನೆಲ್ಲ ನುಂಗಿ ಮೊಣಕಾಲಿನತ್ತ ಏರಿತು. ದವಾಖಾನೆಯಲ್ಲಿ ವೈದ್ಯರು ಕಣ್ಣು ಮುಚ್ಚಿಸಿ, ಅಂಗಾಲಿಗೆ ಸಣ್ಣ ಕಡ್ಡಿ ಒತ್ತಿ, “ಗೊತ್ತಾಯಿತೇ?” ಎಂದು ಕೇಳುತ್ತಿದ್ದರು. ಮೌನಪ್ಪ ಊಹಿಸಿ ಊಹಿಸಿ “ಹೂಂ” ಎಂದ. ಒಮ್ಮೆ ವೈದ್ಯರು ಕಡ್ಡಿ ಒತ್ತದೆಯೇ ಕೇಳಿದಾಗಲೂ “ಹೂಂ” ಎಂದುಬಿಟ್ಟ. ಸಕ್ಕರೆ ಕಾಯಿಲೆ ಕಾಲಿನ ನರ ತಿಂದಿದೆ, ಮನೆಯೊಳಗೂ ಬರಿಗಾಲಲ್ಲಿ ನಡೆಯಬೇಡ, ಎತ್ತರ ಹತ್ತಬೇಡ ಎಂದು ಅವರು ಹೇಳಿದರು. ಮೌನಪ್ಪ ಬಂಡೆಮ್ಮನಿಗೆ ಸಕ್ಕರೆಯ ಸುದ್ದಿಯನ್ನಷ್ಟೇ ಮುಟ್ಟಿಸಿದ. ಕಾಲಿನ ಸುದ್ದಿಯನ್ನು ನುಂಗಿಕೊಂಡ.

ನುಂಗಿಕೊಳ್ಳಲು ಕಾರಣವಿತ್ತು. ಕೊಂಡಾಪುರದಲ್ಲಿ ಏಳುತ್ತಿದ್ದ ಕಟ್ಟಡದಲ್ಲಿ ಗೋಡೆಗೆ ಗಿಲಾವು ಬಳಿಯುವ ತಂಡಕ್ಕೆ ಅವನು ಮೇಸ್ತ್ರಿ. ತಂಡವೆಲ್ಲ ಕೃಷ್ಣಾ ದಂಡೆಯ ಅವನ ಊರಿನವರೇ. ಕಟ್ಟಡದ ಹೊರಮೈಗೆ ಬೊಂಬು, ಹಲಗೆಗಳ ಹೊಸ ಸಾರುವೆ ಕಟ್ಟಿದಾಗಲೆಲ್ಲ ಮೊದಲು ಹತ್ತುವವನು ಮೌನಪ್ಪ. ಬರಿಗಾಲಲ್ಲಿ ಒಂದೊಂದೇ ಹಲಗೆಯನ್ನು ತುಳಿದು ನೋಡುವನು. ಒಳಗೆ ಸೀಳಿದ ಹಲಗೆ, ಜಾರುವ ಹಗ್ಗದ ಗಂಟು, ಎಲ್ಲವೂ ಅವನ ಅಂಗಾಲಿಗೆ ತಿಳಿಯುತ್ತಿದ್ದವು. ಅವನು “ಹತ್ರಿ” ಎಂದ ಮೇಲೆ ಯಾರೂ ಅನುಮಾನಿಸುತ್ತಿರಲಿಲ್ಲ. ಕಾಲು ಸತ್ತ ಮೇಲೂ ಅವನು ಹತ್ತಿದ, ತುಳಿದ, “ಹತ್ರಿ” ಎಂದ. ಇಂದು ಬೆಳಿಗ್ಗೆ ನಾಲ್ಕನೇ ಅಂತಸ್ತಿನ ಸಾರುವೆಯ ಮೇಲೂ ಅದೇ ನಾಟಕ ನಡೆದಿತ್ತು. ನಾಳೆ ಅಲ್ಲಿ ಗಿಲಾವು ಶುರು.

ನಾಳೆ ಮಿರಗವೂ ಹೌದು. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿಗೆ ಹೈದರಾಬಾದೇ ಮೀನು ತಿನ್ನುತ್ತದೆ. ಅಂಬಿಗರಾದ ಇವರಿಗೆ ಅಂದು ಮೀನು ಕೊಂಡು ತರುವುದೆಂದರೆ ತಲೆ ತಗ್ಗಿಸುವ ಮಾತು. ಕಟ್ಟಡದ ಮಾಲೀಕ ಎಲ್ಲರಿಗೂ ರಜೆ ಕೊಡದ ಕಾರಣ ತಂಡ ಎರಡು ಪಾಲಾಗಿತ್ತು. ಅರ್ಧ ಜನ ಕೆಲಸಕ್ಕೆ, ಅರ್ಧ ಜನ ಬಲೆ ಹೊತ್ತು ಜೀಡಿಮೆಟ್ಲಾದ ಆಚೆಗಿನ ಕೆರೆಗೆ. ಕೆರೆಯಲ್ಲೂ ಮೊದಲು ಇಳಿಯುವವನು ಮೌನಪ್ಪನೇ. ಕೆಸರಿನಡಿಯ ಗಟ್ಟಿ ನೆಲವನ್ನು ಅವನ ಕಾಲು ಹುಡುಕಬೇಕು, ಉಳಿದವರು ಅವನ ಹೆಜ್ಜೆಯ ಮೇಲೆ ಹೆಜ್ಜೆಯಿಡಬೇಕು.

ಹೋಗದೆ ಇರಬಹುದಿತ್ತು. ಹೋಗದಿದ್ದರೆ ಕಾರಣ ಕೇಳುತ್ತಿದ್ದರು.

*

ಮರುದಿನ ಬೆಳಿಗ್ಗೆ ಕೆರೆ ಬೇಸಿಗೆಗೆ ಬತ್ತಿ ನಡುವೆ ಕುಗ್ಗಿ ಮಲಗಿತ್ತು. ದಂಡೆಯಿಂದ ನೀರಿನವರೆಗೆ ಕಪ್ಪು ಕೆಸರು. ಅಲ್ಲಲ್ಲಿ ವಿಸರ್ಜನೆಯಾದ ಗಣಪತಿಗಳ ಕಟ್ಟಿಗೆಯ ಚೌಕಟ್ಟುಗಳು ತಲೆ ಎತ್ತಿ ನಿಂತಿದ್ದವು. ನಗರದವರು ಕೊರಮೀನು ಎನ್ನುವ ಕರಿ ಮೀನು ಇಂಥ ಕೆಸರಿನ ಅಂಚಿನಲ್ಲಿಯೇ ಅಡಗಿರುತ್ತದೆ.

ಮೌನಪ್ಪ ನೀರಿನ ದಿಕ್ಕಿಗೆ ಅರಿಶಿನ, ಕುಂಕುಮ, ಹಸಿರು ಬಳೆ ಇಟ್ಟು ಕೈಮುಗಿದ. ಆಮೇಲೆ, ಎಲ್ಲರೂ ಚಪ್ಪಲಿ ಬಿಟ್ಟು ಪಂಚೆ ಮೇಲೆ ಕಟ್ಟುತ್ತಿರುವಾಗ, ಚೀಲದಿಂದ ಬೂಟು ತೆಗೆದ.

“ಮಾವ! ಬೆಂಕಿ ಆರಿಸೋ ಇಲಾಖೆದಾಗ ನೌಕರಿ ಸಿಕ್ತೇನು?” ಎಂದು ಕೂಗಿದವನು ಅಮರೇಶಪ್ಪ. ಬಂಡೆಮ್ಮನ ತಮ್ಮ. ತಂಡದಲ್ಲಿ ಮೌನಪ್ಪನ ಬಲಗೈ.

“ಕೆರಿಗೆ ಬೆಂಕಿ ಬಿದ್ದಿಲ್ಲೋ ಮೇಸ್ತ್ರಿ,” ಎಂದ ಇನ್ನೊಬ್ಬ.

ಎಲ್ಲರೂ ನಕ್ಕರು. ಮೌನಪ್ಪನೂ ನಕ್ಕ. ಕಿವಿ ಬಿಸಿಯಾದದ್ದು ಅವನಿಗೆ ತಿಳಿಯಿತು. ದೇಹದ ಆ ತುದಿಯಾದರೂ ಇನ್ನೂ ಸುದ್ದಿ ಮುಟ್ಟಿಸುತ್ತಿತ್ತು.

“ಅಮರೇಶಾ, ಈ ಸಲ ನೀ ಮುಂದ ನಡಿ.”

“ನಾ ಯಾಕ? ನಿನ್ನ ಕಾಲಿಗಿ ಕಣ್ಣದಾವ ಮಾವ, ನಮ್ಮವಕ್ಕ ಇಲ್ಲ. ನಡಿ ನಡಿ, ಅಲ್ಲಿ ಹಂಪಿ ಮಸಾಲಿ ಅರದು ಇಟ್ಟು ಕೆಲಸಕ್ಕ ಹೋಗ್ಯಾಳ.”

ಹಂಪಮ್ಮ ಅಮರೇಶಪ್ಪನ ಹೆಂಡತಿ. ಅವಳು ಈ ಹೊತ್ತಿಗೆ ಕೊಂಡಾಪುರದಲ್ಲಿ ನಾಲ್ಕನೇ ಅಂತಸ್ತಿನ ಸಾರುವೆಯ ಮೇಲೆ ಗಾರೆಯ ಬುಟ್ಟಿ ಹೊರುತ್ತಿರುತ್ತಾಳೆ. ಆ ಯೋಚನೆ ಬಂದದ್ದೇ ತಡ, ಅದನ್ನು ಹಿಂದೆ ಬಿಡುವವನಂತೆ ಮೌನಪ್ಪ ಕೆಸರಿಗೆ ಇಳಿದ.

ಮೊದಲ ಹೆಜ್ಜೆಗಳು ಸುಲಭವಾಗಿದ್ದವು. ಬೂಟು ಎಲ್ಲಿ ಊರುತ್ತದೆ ಎಂದು ಕಣ್ಣಿನಿಂದ ನೋಡಿ ನೋಡಿ ಇಟ್ಟ. ಬಳಿಕ ಕೆಸರು ಮೊಣಕಾಲು ಮುಟ್ಟಿತು. ಅದರ ಮೇಲೆ ತೆಳುವಾದ ಕಂದು ನೀರು. ಕಾಲುಗಳು ಕಣ್ಣಿಗೂ ಕಾಣದಾದವು. ಈಗ ಅವನ ಮೊಣಕಾಲಿನ ಕೆಳಗೆ ಏನಿದೆ ಎಂದು ಹೇಳುವವರು ಯಾರೂ ಇರಲಿಲ್ಲ. ತೊಡೆಯ ಬಲದಿಂದ ಎಳೆದ, ಊರಿದ. ಮತ್ತೆ ಎಳೆದ, ಊರಿದ. ಬಲಗಾಲು ಒಮ್ಮೆ ಹಠಾತ್ತನೆ ಹಗುರವಾಗಿ ಮೇಲೆ ಬಂತು. ನೆಲ ಗಟ್ಟಿಯಾಗಿರಬೇಕು ಎಂದುಕೊಂಡು ಮುಂದೆ ನಡೆದ.

“ಮಾವ!” ಹಿಂದಿನಿಂದ ಅಮರೇಶಪ್ಪನ ನಗು. “ನಿನ್ನ ಬೂಟ್ ಇಲ್ಲೇ ಬಿಟ್ಟು ಹೊಂಟೀಯಲ್ಲೋ!”

ಮೌನಪ್ಪ ತಿರುಗದೆಯೇ ಹೇಳಿದ, “ಯಾರದರ ಹಳೇದು ಇರಬೇಕು. ನನ್ನವು ಕಾಲಾಗ ಅದಾವ.”

ಖಚಿತವಾದ ದನಿಯಲ್ಲಿ ಹೇಳಿದ. ಅವನಿಗೆ ಸಂಶಯವೇ ಇರಲಿಲ್ಲ.

ಪಚಕ್ಕೆಂಬ ಸದ್ದಿನೊಡನೆ ಅಮರೇಶಪ್ಪ ಅದನ್ನು ಕೆಸರಿನಿಂದ ಕಿತ್ತು ಎತ್ತಿ ಹಿಡಿದ. ಹೊಸ ಬೂಟು. ಅಂಗಡಿಯ ಚೀಟಿ ಇನ್ನೂ ಅದರ ಮೇಲೆ ಅಂಟಿಕೊಂಡಿತ್ತು.

“ನೋಡ್ರಲೇ, ಮೇಸ್ತ್ರಿಗಿ ತನ್ನದು ಬರಿಗಾಲು ಅನ್ನೋದೇ ಗೊತ್ತಿಲ್ಲ!”

ನಗು ಸಾಲಿನುದ್ದಕ್ಕೂ ಹರಿಯಿತು. ಮೌನಪ್ಪ ಏನಾದರೂ ತಮಾಷೆ ಮಾಡಿ ತಪ್ಪಿಸಿಕೊಳ್ಳಬೇಕೆಂದು, ಚೌಕಟ್ಟಿನ ಕಟ್ಟಿಗೆಯೊಂದನ್ನು ಹಿಡಿದು ಬಲಗಾಲನ್ನು ಮೇಲಕ್ಕೆತ್ತಿದ. ಕೆಸರು ಸುರಿದುಹೋಯಿತು. ಅಂಗಾಲಿನ ಮಧ್ಯದಲ್ಲಿ ತುಕ್ಕು ಹಿಡಿದ ತಂತಿಯೊಂದು ಒಳಹೊಕ್ಕು ನೇತಾಡುತ್ತಿತ್ತು. ಅದರ ಗುಂಟ ನೀರು ಬೆರೆತ ರಕ್ತ ಇಳಿಯುತ್ತಿತ್ತು.

ನಗು ನಿಂತಿತು.

“ನೋಯಾಕತ್ತಿಲ್ಲೇನು ಮಾವ?”

ಮೌನಪ್ಪ ಒಂದು ಕ್ಷಣ ಎಲ್ಲರ ಮುಖ ನೋಡಿದ. ನಂತರ, “ಅಯ್ಯಯ್ಯೋ! ಭಾಳ ನೋಯಾಕತ್ತೈತಿ!” ಎಂದು ಕಣ್ಣು ಬಿಗಿಯಾಗಿ ಮುಚ್ಚಿ ಮುಖ ಆಚೆ ತಿರುಗಿಸಿದ. ತಡವಾಗಿ ಬಂದ ಆ ನರಳಾಟ ಅವನ ಕಿವಿಗೇ ಸುಳ್ಳಾಗಿ ಕೇಳಿಸಿತು.

ಅಮರೇಶಪ್ಪ ಹತ್ತಿರ ಬಂದು ಆ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ.  ಹೊತ್ತು ಸರಿಯಿತು. 

“ಮೆಲ್ಲಕ ತಗಿಯಪ್ಪಾ,” ಎಂದ ಮೌನಪ್ಪ, ಕಣ್ಣು ಮುಚ್ಚಿಕೊಂಡೇ. “ಒಮ್ಮಿಗೇ ಜಗ್ಗಬ್ಯಾಡ.”

 ಮೌನಪ್ಪ ಕಣ್ಣು ತೆರೆದ. ತಂತಿ ಆಗಲೇ ಅಮರೇಶಪ್ಪನ ಅಂಗೈಯಲ್ಲಿತ್ತು.

ಭೂಮಿ ಬಾಯಿ ಬಿಡಲಿಲ್ಲ. ಅಷ್ಟು ಕೆಸರಿದ್ದರೂ ಅದು ಅವನನ್ನು ಸೊಂಟದವರೆಗೆ ಕೂಡ ನುಂಗಲಿಲ್ಲ. ಅವನು ಒಂಟಿಗಾಲಲ್ಲಿ, ತನ್ನವರೆಲ್ಲರ ಎದುರು, ಹಗಲಿನಲ್ಲಿ ನಿಂತೇ ಇದ್ದ.

“ಎಂದಿನಿಂದ ಹಿಂಗ?” ಅಮರೇಶಪ್ಪ ಪಿಸುಗುಟ್ಟಿದ.

“ಸಂಕ್ರಾಂತಿಯಿಂದ.”

ಅಮರೇಶಪ್ಪ ತಲೆಯ ರುಮಾಲು ಬಿಚ್ಚಿ ಗಾಯಕ್ಕೆ ಸುತ್ತತೊಡಗಿದ. ಸುತ್ತುತ್ತ ಸುತ್ತುತ್ತ ಅವನ ಕೈ ನಿಂತಿತು. ತಲೆ ಎತ್ತಿದ. ಆ ಕಣ್ಣುಗಳಲ್ಲಿ ಹುಟ್ಟುತ್ತಿದ್ದ ಪ್ರಶ್ನೆಯನ್ನು ಮೌನಪ್ಪ ಮೊದಲೇ ಕಂಡ.

“ನಿನ್ನಿ ಹಲಗಿ ಹೆಂಗ ನೋಡಿದಿ ಮಾವ?”

“ಕೈಲೆ ಜಗ್ಗಿ ನೋಡೀನಿ” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಪ್ಪುವಂಥ ಸುಳ್ಳು. ಅಮರೇಶಪ್ಪ ನಂಬಲೂ ಬಯಸುತ್ತಿದ್ದ. ಅವನ ಮುಖವೇ ಅದನ್ನು ಬೇಡುತ್ತಿತ್ತು.

“ಫೋನ್ ಕೊಡು,” ಎಂದ ಮೌನಪ್ಪ.

ಅಮರೇಶಪ್ಪ ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಫೋನು ತೆಗೆದು, ಹೆಂಡತಿಯ ನಂಬರು ಒತ್ತಿ ಕೊಟ್ಟ. ಗಂಟೆ ಹೊಡೆಯಿತು. ಹೊಡೆಯುತ್ತಲೇ ಇತ್ತು. ತಾನಾಗಿಯೇ ನಿಂತಿತು. ಅಮರೇಶಪ್ಪ ಸ್ಪೀಕರ್ ಹಾಕಿ ಮತ್ತೆ ಒತ್ತಿದ.

“ಯಾಕ್ರೀ, ಮೀನ ಸಿಕ್ಕಾವೇನು? ಕೈಯೆಲ್ಲಾ ಸಿಮೆಂಟ್ ಐತಿ, ಲಗೂ ಹೇಳ್ರಿ.”

“ಹಂಪವ್ವ, ನಾ ಮೌನಪ್ಪ. ಎಲ್ಲಿ ಅದಿ?”

“ಅಣ್ಣಾರ? ಮ್ಯಾಲೇ ಅದೀನ್ರಿ, ಹಲಗಿ ಮ್ಯಾಲೆ. ಕಾಶಿನಾಥ ಗಿಲಾವು ಹೊಡ್ಯಾಕತ್ತಾನ.”

“ಎಲ್ಲಾರೂ ಇಳೀರಿ.”

“ಹಾಂ? ಯಾಕ್ರಿ?”

ಬಿರುಗಾಳಿ ಬರುತ್ತದಂತೆ ಎನ್ನಬಹುದಿತ್ತು. ಇಂಜಿನಿಯರು ಹೇಳಿದ್ದಾರೆ ಎನ್ನಬಹುದಿತ್ತು. ಹಾಗೆಂದರೆ ಅವರು ಇಳಿಯುತ್ತಿದ್ದರು. ಗಾಳಿ ಬಾರದಿದ್ದಾಗ ಮತ್ತೆ ಹತ್ತುತ್ತಿದ್ದರು. ಕೆಸರಿನ ಉದ್ದಕ್ಕೂ ಸಾಲಾಗಿ ನಿಂತ ಊರವರು ಅವನ ಬಾಯಿಯನ್ನೇ ನೋಡುತ್ತಿದ್ದರು.

“ನನ್ನ ಕಾಲಿಗಿ ಏನೂ ತಿಳಿಯಂಗಿಲ್ಲವ್ವ,” ಎಂದ ಮೌನಪ್ಪ. “ಭಾಳ ದಿನ ಆತು. ನಿನ್ನಿ ನಾ ಹಲಗಿ ತುಳದದ್ದು ಬರೇ ಸೋಗು. ಒಬ್ಬೊಬ್ಬರೇ, ಗ್ವಾಡಿ ಹಿಡಕೊಂಡು ಇಳೀರಿ. ಓಡಬ್ಯಾಡ್ರಿ.”

ಆ ಕಡೆ ಮಾತು ನಿಂತಿತು. ಆದರೆ ಫೋನು ನಿಲ್ಲಲಿಲ್ಲ. ಅವಳು ಅದನ್ನು ಸೆರಗಿನಲ್ಲಿ ಸಿಕ್ಕಿಸಿಕೊಂಡಿರಬೇಕು. ಬಟ್ಟೆಯ ಸರಸರ, ಬಳೆಯ ಸದ್ದು, ಕಾಶಿನಾಥನನ್ನು ಕೂಗಿ ಏನೋ ಹೇಳಿದ್ದು, ಅವನ ಬೈಗುಳ, ಎಲ್ಲವೂ ಕೇಳಿಸಿದವು. ಆಮೇಲೆ ಹಲಗೆಯ ಕಿರಕಿರ. ಒಂದು ಹೆಜ್ಜೆ, ಒಂದು ಕಿರುಕು. ನಡುವೆ ಏನೋ ದೊಪ್ಪನೆ ಬಿದ್ದ ಸದ್ದಾಯಿತು. ಅಮರೇಶಪ್ಪ “ಹಂಪೀ!” ಎಂದು ಚೀರಿ ಮೌನಪ್ಪನ ತೋಳನ್ನು ಹಿಡಿದ. ಬೆರಳುಗಳು ಮಾಂಸಕ್ಕೆ ಇಳಿಯುವಷ್ಟು ಬಿಗಿಯಾಗಿ.

“ಬುಟ್ಟಿ, ಬುಟ್ಟಿ ಬಿತ್ತು,” ಎಂದು ದೂರದಿಂದ ಅವಳ ದನಿ.

ಮತ್ತೆ ಕಿರುಕು. ಮತ್ತೆ ಬಳೆ. ಕೊನೆಗೆ ಮರಳಿನ ಮೇಲೆ ಕಾಲಿಟ್ಟ ಸಪ್ಪಳ, ಒಬ್ಬರ ಹಿಂದೊಬ್ಬರ ಏದುಸಿರು.

“ಇಳದೀವ್ರಿ,” ಎಂದಳು ಹಂಪಮ್ಮ.  “ಬೆಳಿಗ್ಗಿಂದ ತುದಿ ಹಲಗಿ ಅಲುಗಾಡಾಕತ್ತಿತ್ತು. ಕಾಶಿನಾಥನೂ ಅಂದ, ನಾನೂ ಅಂದೆ. ನೀವು ತುಳದು ನೋಡೀರಲ್ಲ, ನಮ್ಮ ಕಾಲಿಗೇ ಹಂಗ ಅನಸ್ತೈತಿ ಅಂದುಕೊಂಡು ಸುಮ್ಮನಾದ್ವಿ.”

ಫೋನು ಕಟ್ ಆಯಿತು. ಅವಳು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಅಮರೇಶಪ್ಪ ಫೋನನ್ನು ಜೇಬಿಗೆ ಸೇರಿಸಿ, ಮಾವನ ಕಡೆ ನೋಡದೆ, ಬೆನ್ನು ಬಾಗಿಸಿ ನಿಂತ.

“ಹತ್ತು.”

“ನಡೀತೀನಿ.”

“ಕಾಲು ಎಲ್ಲಿ ಇಡಾಕತ್ತೀ ಅಂತ ನಿನಗ ಗೊತ್ತಿಲ್ಲ. ಹತ್ತು ಅಂದ್ರ ಹತ್ತು.”

ಎಲ್ಲರಿಗಿಂತ ಮುಂದೆ ನಡೆದು ಬಂದವನು ಭಾಮೈದನ ಬೆನ್ನೇರಿ ಹಿಂದಿರುಗಿದ. ಜನ ಕೆಸರಿನಲ್ಲಿ ಬದಿಗೆ ಸರಿದು ದಾರಿ ಬಿಟ್ಟರು. ನಿನ್ನೆಯವರೆಗೆ ತಾವು ನಿಂತ ಹಲಗೆಗಳನ್ನು ಪ್ರತಿಯೊಬ್ಬರೂ ಒಳಗೊಳಗೇ ಮತ್ತೆ ತುಳಿಯುತ್ತಿದ್ದಂತೆ ಅವರ ಮುಖಗಳಿದ್ದವು. ಮೌನಪ್ಪ ಅಮರೇಶಪ್ಪನ ಬೆವರಿದ ಕತ್ತಿನ ಹಿಂದೆ ಮುಖ ಅಡಗಿಸಿಕೊಂಡ.

ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಬೇರೊಂದು ಗುಂಪಿನ ಮುದುಕ ತೆಲುಗಿನಲ್ಲಿ ಕೇಳಿದ, “ಏಮೈಂದಿ? ಪಾಮು ಕರಿಚಿಂದಾ?”

ಹಾವು ಕಚ್ಚಿತೇ ಎಂಬ ಆ ಪ್ರಶ್ನೆಗೆ ಅಮರೇಶಪ್ಪ ಉತ್ತರಿಸಲಿಲ್ಲ. ನಿಂತ. ಬೆನ್ನ ಮೇಲಿದ್ದವನು ಮಾತಾಡುವವರೆಗೂ ಮುಂದಿನ ಹೆಜ್ಜೆ ಇಡುವುದಿಲ್ಲ ಎಂಬಂತೆ ನಿಂತೇ ಇದ್ದ.

ಮೌನಪ್ಪ ಮುಖವೆತ್ತಿದ.