ನಡುವಿನ ಗೂಡು

ನನ್ನಲ್ಲೇ ಏನಾದರೂ ಐಬು ಇದೆಯೇ? ಸುತ್ತಲಿನ ನಾಲ್ಕು ಗೂಡು ತುಂಬಿ ನಡುವಿನದನ್ನು ಮಾತ್ರ ಯಾಕೆ ಖಾಲಿ ಬಿಡುತ್ತಾರೆ? ಮರ ಸೀಳಿದೆಯೇ, ಏನಾದರೂ ವಾಸನೆ ಹಿಡಿದಿದೆಯೇ? ವರ್ಷಗಟ್ಟಲೆ ಇದನ್ನೇ ಯೋಚಿಸಿದೆ. ಕೇಳೋಣವೆಂದರೆ ಡಬ್ಬಿಗೆ ಬಾಯಿ ಇರುವುದು ತುಂಬಿಸಿಕೊಳ್ಳಲು, ಆಡಲು ಅಲ್ಲ.

ನಾನು ಸಾಗವಾನಿಯ ಒಂದು ಡಬ್ಬಿ. ವಿಜಯಪುರದ ಬಡಿಗನೊಬ್ಬ ಬಾಗಿಲು ಮಾಡಿ ಉಳಿದ ಹಲಗೆಯಲ್ಲಿ ನನ್ನನ್ನು ಮಾಡಿದ. ಸುತ್ತ ನಾಲ್ಕು ಗೂಡು, ನಡುವೆ ಗುಂಡನೆಯದೊಂದು. ತಿಕೋಟಾ ಕಡೆಯ ದ್ರಾಕ್ಷಿತೋಟದ ತಾಯಿಯೊಬ್ಬಳು ನನ್ನನ್ನು ಕೊಂಡು, ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು.

ಅವಳ ಮನೆಯಲ್ಲಿ ಬಂದವರಿಗೆ ಮೊದಲು ನೀರು, ಆಮೇಲೆ ನಾನು, ನನ್ನ ನಂತರವೇ ಚಹಾ. ಬದಾಮಿ, ಗೋಡಂಬಿ, ಉತ್ತತ್ತಿ, ಅಂಜೂರ ಪೇಟೆಯಿಂದ ಬರುತ್ತಿದ್ದವು. ನಡುವಿನ ಒಣದ್ರಾಕ್ಷಿ ಮಾತ್ರ ಸ್ವಂತ ತೋಟದ್ದು. ಬಂದವರು ಮೊದಲು ಅದಕ್ಕೇ ಕೈ ಹಾಕಬೇಕು. ಅದನ್ನು ತಿಂದರೆ ಮನೆಯವರ ದುಡಿಮೆಗೆ ಮರ್ಯಾದೆ ಕೊಟ್ಟಂತೆ.

ತಾಯಿ ತೀರಿಕೊಂಡ ಮೇಲೆ ಹಿರಿಯ ಸೊಸೆ ಶಾವಂತ್ರವ್ವನ ಕೈಗೆ ಬಂದೆ. ಅವಳ ಗಂಡ ಸಿದಗೊಂಡ ಬಳ್ಳಿ ನೋಡಿಕೊಳ್ಳುತ್ತಿದ್ದ. ಮೈದುನ ರಾಯಗೊಂಡ ಶೆಡ್ಡಿನಲ್ಲಿ ಹಣ್ಣು ಒಣಗಿಸುತ್ತಿದ್ದ. ಒಂದು ವರ್ಷ ರಾಯಗೊಂಡ ವ್ಯಾಪಾರಿಗಳ ಮಾತು ಕೇಳಿ ಒಣದ್ರಾಕ್ಷಿಗೆ ಗಂಧಕದ ಹೊಗೆ ಕೊಟ್ಟ. ಬಂಗಾರದಂಥ ಬಣ್ಣ ಬಂತು. ಬಂದ ನೆಂಟರು ಹೊಗಳುತ್ತಿರುವಾಗ ಸಿದಗೊಂಡ ಒಂದು ಕಾಳು ಬಾಯಿಗೆ ಹಾಕಿಕೊಂಡು, ಎಲ್ಲರ ಮುಂದೆ ಅಂಗೈಗೆ ಉಗುಳಿದ.

"ವಾಸ್ನಿ ಹೊಡೀತದ. ಇದನ್ನ ಮನಿಗಿ ಬಂದ ಮಂದಿ ಮುಂದ ಇಡ್ತಿ?"

ರಾಯಗೊಂಡ ಎದ್ದು ತೋಟಕ್ಕೆ ಹೋದವನು ತಿರುಗಿ ಬರಲಿಲ್ಲ. ಆಸ್ತಿ ಪಾಲಾಯಿತು. ತೋಟ, ಶೆಡ್ಡು ತಮ್ಮನಿಗೆ. ಮನೆ, ಜೋಳದ ಹೊಲ ಅಣ್ಣನಿಗೆ.

ಅಂದಿನಿಂದ ನನ್ನ ನಡುವಿನ ಗೂಡು ಬರಿದಾಯಿತು. ಶಾವಂತ್ರವ್ವ ಅಂಗಡಿಯ ದ್ರಾಕ್ಷಿ ತಂದು ಹಾಕಿದರೆ ಸಿದಗೊಂಡ ಬಾಚಿ ಅವಳ ಕೈಗೇ ಕೊಡುತ್ತಿದ್ದ. "ಸಿಟ್ಟು ತಮ್ಮನ ಮ್ಯಾಲ, ಸೇಡು ದ್ರಾಕ್ಷಿ ಮ್ಯಾಲ" ಎಂದು ಅವಳು ಗೊಣಗುತ್ತಿದ್ದಳು. ಸೋಮವಾರಕ್ಕೊಮ್ಮೆ ಅವನೇ ಆ ಗೂಡನ್ನು ಬಟ್ಟೆಯಿಂದ ಒರೆಸುತ್ತಿದ್ದ. ತಮ್ಮನ ದ್ರಾಕ್ಷಿಯ ವಾಸನೆ ಇನ್ನೂ ಹೋಗಿಲ್ಲವೆಂದು ತಿಕ್ಕುತ್ತಾನೆ ಎಂದುಕೊಂಡು ನಾನು ನಾಚಿಕೊಳ್ಳುತ್ತಿದ್ದೆ.

ಮಗಳು ನೀಲಗಂಗಾಳ ಮದುವೆ ಮಾತಿಗೆ ಬೀಗರು ಬಂದರು. ಹುಡುಗ ಅವಳ ಮನಸ್ಸಿಗೆ ಬಂದಿದ್ದ. ಮಾತೆಲ್ಲ ಮುಗಿದು ಬಾಯಿ ಸಿಹಿ ಮಾಡುವುದೊಂದೇ ಉಳಿದಿತ್ತು. ನನ್ನನ್ನು ತಂದಿಟ್ಟರು. ಕಣ್ಣು ಮಂಜಾಗಿದ್ದ ಹುಡುಗನ ಅಜ್ಜಿ ನಡುವಿನ ಗೂಡಿಗೆ ಕೈ ಹಾಕಿದಳು. ಬೆರಳಿಗೆ ಬರಿಯ ಮರ ತಾಗಿತು.

"ಇದನ್ಯಾಕ ಖಾಲಿ ಇಟ್ಟೀರಿ?"

ಶಾವಂತ್ರವ್ವ ಮೆಲ್ಲಗೆ, "ಹುಡುಗಿ ಕಾಕಾ ತರಬೇಕ್ರೀ. ಅವ ಬಂದಿಲ್ಲ" ಎಂದಳು.

"ಹಂಗಾರ ಅವನೂ ಬರ್ಲಿ. ಒಡದ ಮನ್ಯಾಗಿನ ಸಿಹಿ ನನ್ನ ಬಾಯಿಗಿ ಹತ್ತಾಂಗಿಲ್ಲ" ಎಂದು ಅಜ್ಜಿ ಕೈ ಹಿಂತೆಗೆದುಕೊಂಡಳು.

ಒಳಬಾಗಿಲಲ್ಲಿ ನಿಂತಿದ್ದ ನೀಲಗಂಗಾ ತಂದೆಯತ್ತ ನೋಡಿದಳು. ಸಿದಗೊಂಡ ಎದ್ದು ರುಮಾಲು ಸುತ್ತಿಕೊಂಡ. ಸಿಟ್ಟಾಗಿ ಹೊರಟನೆಂದು ಶಾವಂತ್ರವ್ವ ಹೆದರಿದಳು. ಅವನು ನನ್ನ ಮುಚ್ಚಳ ಹಾಕಿ, ಕಂಕುಳಲ್ಲಿ ಇಟ್ಟುಕೊಂಡು ಬಿಸಿಲಿಗಿಳಿದ. ಅವನ ಎದೆ ಬಡಿಯುವುದು ನನಗೆ ಕೇಳುತ್ತಿತ್ತು. ಹೆಜ್ಜೆ ಮಾತ್ರ ಎಲ್ಲೂ ತಡೆಯಲಿಲ್ಲ.

ಶೆಡ್ಡಿನಲ್ಲಿ ರಾಯಗೊಂಡ ಒಣದ್ರಾಕ್ಷಿಯ ಕಡ್ಡಿ ಆರಿಸುತ್ತ ಕೂತಿದ್ದ. ಸಿದಗೊಂಡ ಮುಚ್ಚಳ ತೆಗೆದು, ಮನೆಗೆ ಬಂದವರಿಗೆ ಹಿಡಿಯುವಂತೆ ನನ್ನನ್ನು ಎರಡೂ ಕೈಯಲ್ಲಿ ಅವನ ಮುಂದೆ ಹಿಡಿದ. ರಾಯಗೊಂಡ ಬದಾಮಿ ಮುಟ್ಟಲಿಲ್ಲ. ಖಾಲಿ ಗೂಡಿನಲ್ಲಿ ಬೆರಳಾಡಿಸಿದ. ಧೂಳಿನ ಕಣವೂ ಸಿಗಲಿಲ್ಲ. ಬೆರಳನ್ನು ತಿರುಗಿಸಿ ನೋಡಿದ. ಆಮೇಲೆ ಒಂದು ಹಿಡಿ ದ್ರಾಕ್ಷಿ ತುಂಬಿದ.

"ವಾಸ್ನಿ ಹೊಡೀತದ, ನೋಡ್ಕೋ ಅಣ್ಣಾ."

ಸಿದಗೊಂಡ ಒಂದು ಕಾಳು ಬಾಯಿಗೆ ಹಾಕಿಕೊಂಡು, ನಿಧಾನಕ್ಕೆ ಅಗಿದು ನುಂಗಿದ.

"ಬೀಗರು ಕುಂತಾರ. ನಡಿ."

"ಅಂಗಿ ಬದಲ್ ಮಾಡ್ತೀನಿ."

"ಇರ್ಲಿ. ಇದ ಚಲೋ ಅದ."

ಮದುವೆಯಾಗಿ ಜಮಖಂಡಿಗೆ ಹೋಗುವಾಗ ನೀಲಗಂಗಾ ನನ್ನನ್ನೂ ಒಯ್ದಳು. ಈಗ ನನ್ನ ಮುಚ್ಚಳದ ಬಿಜಾಗರಿ ಕಳಚಿದೆ. ಬಂದವರ ಮುಂದೆ ಗಾಜಿನ ತಟ್ಟೆ ಇಡುತ್ತಾರೆ. ನಾನು ಕಪಾಟಿನ ಮೂಲೆಯಲ್ಲಿದ್ದೇನೆ. ನಾಲ್ಕು ಗೂಡಿನಲ್ಲಿ ಸೂಜಿ, ದಾರ, ಗುಂಡಿ, ಔಷಧದ ಚೀಟಿಗಳು. ನಡುವಿನದರಲ್ಲಿ ಮಾತ್ರ ಪ್ರತಿವರ್ಷ ಕಾಕಾ ರಾಯಗೊಂಡ ಕಳಿಸುವ ಒಣದ್ರಾಕ್ಷಿ. ಸಿದಗೊಂಡ ತೀರಿಕೊಂಡು ಬಹಳ ಕಾಲವಾಯಿತು. ನನ್ನಲ್ಲಿ ಐಬು ಇರಲಿಲ್ಲವೆಂದು ಇಷ್ಟು ವಯಸ್ಸಾದ ಮೇಲೆ ನನಗೆ ತಿಳಿದಿದೆ. ಬೇರೆಯವರ ದ್ರಾಕ್ಷಿ ಬೀಳದಂತೆ ಅವನು ಅಷ್ಟು ವರ್ಷ ಆ ಗೂಡನ್ನು ಕಾದಿದ್ದ.

ಅದು ನಿನ್ನ ಜಾಗ ಎಂದು ತಮ್ಮನಿಗೆ ಅವನು ಒಮ್ಮೆಯೂ ಹೇಳಲಿಲ್ಲ.