ತಪಾಸಣೆಯ ದಿನದ ರಜೆ

ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬರುತ್ತಾರೆಂದರೆ ಈಶ್ವರ ಸರ್ ಶಾಲೆಯ ಅಂಗಳ ಗುಡಿಸಲು ಹಚ್ಚುತ್ತಿದ್ದರು, ಕಟ್ಟೆಗೆ ಸುಣ್ಣ ಬಳಿಸುತ್ತಿದ್ದರು, ಆಮೇಲೆ ಓದಲು ಬಾರದ ಮಕ್ಕಳನ್ನೂ ಅಷ್ಟೇ ಚೊಕ್ಕಟವಾಗಿ ಗುಡಿಸಿಹಾಕುತ್ತಿದ್ದರು. ಹಿಂದಿನ ಸಂಜೆ ಒಬ್ಬೊಬ್ಬರನ್ನೇ ಕರೆದು, ನಾಳೆ ನಿನಗೆ ರಜೆ, ಮನೆಯಲ್ಲಿರು ಎಂದು ಮೆಲ್ಲಗೆ ಹೇಳಿದರಾಯಿತು. ಮಕ್ಕಳಿಗೆ ರಜೆಯ ಖುಷಿ, ತಂದೆತಾಯಿಗೆ ಹೊಲದಲ್ಲಿ ಒಂದು ಕೈ ಹೆಚ್ಚು, ಸಾಹೇಬರಿಗೆ ಪಟಪಟನೆ ಓದುವ ತರಗತಿ. ಕಲ್ಲೋಳಿಯಿಂದಾಚೆ ಕಬ್ಬಿನ ಹೊಲಗಳ ನಡುವೆ ಇದ್ದ ಆ ತೋಟದ ಶಾಲೆಯಲ್ಲಿ ಈ ಪದ್ಧತಿ ಎಷ್ಟೋ ವರ್ಷದಿಂದ ಸುಸೂತ್ರವಾಗಿ ನಡೆದುಬಂದಿತ್ತು. ಈಶ್ವರ ಸರ್ ಕೆಟ್ಟ ಹೆಡ್‌ಮಾಸ್ತರರೇನಲ್ಲ. ಮಕ್ಕಳ ಮೇಲೆ ಕೈ ಎತ್ತಿದವರಲ್ಲ, ಬಿಸಿಯೂಟದ ಅಕ್ಕಿಗೆ ಕೈ ಹಾಕಿದವರಲ್ಲ. ಅವರಿಗೆ ಇದು ತಪ್ಪೆಂದು ಹೊಳೆದೇ ಇರಲಿಲ್ಲ, ಅಷ್ಟೆ.

ಆ ವರ್ಷ ಜೂನಿನಲ್ಲಿ ಯಶೋಧರಾ ಹೊಸದಾಗಿ ನೇಮಕವಾಗಿ ಬಂದಳು. ದಿನವೂ ಘಟಪ್ರಭಾದಿಂದ ಬಸ್ಸು ಹಿಡಿದು ಬರುತ್ತಿದ್ದ ಅವಳ ಪಾಲಿಗೆ ಮೂರನೇ ತರಗತಿ ಸಿಕ್ಕಿತ್ತು. ಮಳೆಗಾಲ ಕಳೆದು ತಪಾಸಣೆಯ ಸುದ್ದಿ ಬಂದಾಗಲೇ ಈ ರಜೆಯ ವಿಷಯ ಅವಳ ಕಿವಿಗೆ ಬಿದ್ದದ್ದು. ಕೇಳಿ ಮೈ ಉರಿದುಹೋಯಿತು. ತಾನು ಮೂರನೇ ತರಗತಿಯಲ್ಲಿದ್ದಾಗ ಅವಳೂ ಹೀಗೇ ಮನೆಯಲ್ಲಿ ಕುಳಿತವಳು. ಅಂದು ಅವಳ ಕೇರಿಯ ಮಕ್ಕಳೆಲ್ಲ ಮನೆಯಲ್ಲೇ ಇದ್ದರು, ಹೊತ್ತು ಮುಳುಗುವ ತನಕ ಕುಣಿದಾಡಿದ್ದರು. ಅದು ರಜೆಯಾಗಿರಲಿಲ್ಲ ಎಂದು ತಿಳಿಯಲು ಅವಳು ತುಂಬ ದೊಡ್ಡವಳಾಗಬೇಕಾಯಿತು.

ನೇರವಾಗಿ ಹೋಗಿ ಈಶ್ವರ ಸರ್ ಅವರನ್ನು ಕೇಳಿದಳು. ಅವರು ಕುರ್ಚಿ ತೋರಿಸಿ, ಮಗಳಿಗೆ ಹೇಳಿದಂತೆ ಹೇಳಿದರು.

"ನಿಮ್ದಿನ್ನೂ ಪ್ರೊಬೇಷನ್ ಐತ್ರಿ ಟೀಚರ್. ಸಾಹೇಬ್ರು ಏನರ ಕೆಟ್ಟದ್ ಬರದು ಹೋದ್ರ ನೌಕರಿ ಕಾಯಂ ಆಗೂದು ಅಲ್ಲೇ ನಿಲ್ತೈತಿ. ನಿಮ್ಮ ಒಳ್ಳೇದಕ್ಕ ಹೇಳಾಕತ್ತೇನಿ."

"ನನ್ನ ಕ್ಲಾಸಿನ ಹುಡುಗ್ರು ನನ್ನ ಕ್ಲಾಸಿನ್ಯಾಗ ಇರ್ತಾರ್ರಿ ಸರ್."

ಸರ್ ನಕ್ಕು ತಲೆಯಾಡಿಸಿದರು. ಒಪ್ಪಿಕೊಂಡರೆಂದೇ ಅವಳು ತಿಳಿದಳು. ಹೊಸಬಳಲ್ಲವೇ!

ಮರುದಿನ, ತಪಾಸಣೆಯ ಬೆಳಿಗ್ಗೆ, ನೋಡಿದರೆ ಓದಲು ತಡವರಿಸುವವರು ಕೂಡುವ ಹಿಂದಿನ ಚಾಪೆ ಖಾಲಿ. ಕಾಜಲ್ ಇರಲಿಲ್ಲ, ಅವಳ ಮಗ್ಗುಲಿಗೆ ಕೂಡುವ ಮಾಳು ಇರಲಿಲ್ಲ. ಯಶೋಧರಾ ಉಳಿದ ಮಕ್ಕಳಿಗೆ ಮಗ್ಗಿ ಬರೆಯಲು ಹೇಳಿ ಚಪ್ಪಲಿ ಮೆಟ್ಟಿದಳು. ಗೇಟಿನ ಹತ್ತಿರ ಹಾರ ಹಿಡಿದು ನಿಂತಿದ್ದ ಈಶ್ವರ ಸರ್, ಸಾಹೇಬರು ಬರುವ ಹೊತ್ತಿನಲ್ಲಿ ಎಲ್ಲಿಗೆ ಹೊರಟಿರಿ ಎಂದು ಗಾಬರಿಯಿಂದ ಕೇಳಿದರು. ಹಾಜರಿ ತುಂಬಿಸಲು ಎಂದಷ್ಟೇ ಹೇಳಿ ಅವಳು ಕಾಲುವೆಯ ದಾರಿ ಹಿಡಿದಳು.

ಕಾಲುವೆ ನೀರು ಹರಿದ ಕೆಸರಿನಲ್ಲಿ ಸೀರೆಯ ಅಂಚು ಎತ್ತಿ ಹಿಡಿದು ತೋಟದ ಮನೆ ತಲುಪಿದಾಗ ಕಾಜಲ್ ಕರುವಿಗೆ ಮೇವು ಹಾಕುತ್ತಿದ್ದಳು. ಅವಳ ತಾಯಿ ರಾಮವ್ವ ಕೈಯ ಸೆಗಣಿ ತೊಳೆದುಕೊಂಡು ಬಂದು, ಇವತ್ತು ರಜೆಯೆಂದು ದೊಡ್ಡ ಸರ್ ಅವರೇ ಹೇಳಿದ್ದಾರಲ್ಲ ಎಂದಳು.

"ರಜಾ ಇಲ್ಲ ಯಕ್ಕಾ. ಓದಾಕ ಬರದವ್ರನ್ನ ಮುಚ್ಚಿಡಾಕತ್ತಾರ."

ರಾಮವ್ವ ಮಗಳ ಕಡೆ ನೋಡಿದಳು. ಎಷ್ಟು ಸಲ ಹೀಗೆ ರಜೆ ಬಂದಿತ್ತೆಂದು ಲೆಕ್ಕ ಹಾಕುತ್ತಿದ್ದಳೋ ಏನೋ. ಆಮೇಲೆ ಸೆರಗಿನಿಂದ ಮಗಳ ಮುಖ ಒರೆಸಿ ಮುಂದಕ್ಕೆ ತಳ್ಳಿ, ಕರೆದುಕೊಂಡು ಹೋಗಿ ಎಂದಳು. ಯೂನಿಫಾರ್ಮು ಒಗೆದು ಹಾಕಿತ್ತು. ಕಾಜಲ್ ಮನೆಯ ಹಳೆಯ ಫ್ರಾಕಿನಲ್ಲೇ ಹೊರಟಳು. ದಾರಿಯಲ್ಲಿ ಎಮ್ಮೆ ಮೇಯಿಸುತ್ತಿದ್ದ ಮಾಳುವನ್ನೂ ಅವನ ಅಜ್ಜನಿಗೆ ಹೇಳಿ ಬಿಡಿಸಿಕೊಂಡದ್ದಾಯಿತು.

ಅವರು ಶಾಲೆಗೆ ಬರುವಷ್ಟರಲ್ಲಿ ಸಾಹೇಬರು ಮೂರನೇ ತರಗತಿಯಲ್ಲಿ, ಅವಳ ಕುರ್ಚಿಯಲ್ಲೇ ಕುಳಿತಿದ್ದರು. ಬಾಗಿಲಲ್ಲಿ ಕೆಸರುಗಾಲಿನ ಮೂವರನ್ನು ನೋಡಿ, ಪಕ್ಕದಲ್ಲಿ ನಿಂತಿದ್ದ ಈಶ್ವರ ಸರ್ ಅವರ ಮುಖ ಹುಳ್ಳಗಾಯಿತು. ತಡವಾಗಿ ಬಂದವರನ್ನು ಯಾವ ಸಾಹೇಬರು ಬಿಟ್ಟಾರು? ಪುಸ್ತಕ ತೆರೆದು ಒಂದು ಪಾಠ ತೋರಿಸಿ, ಓದು ಎಂದು ಕಾಜಲ್ ಕೈಗೆ ಕೊಟ್ಟರು.

ಕಾಜಲ್ ಸಾಲಿನ ಕೆಳಗೆ ಬೆರಳಿಟ್ಟಳು. "ಕೆ... ರೆ... ಕೆರೆ... ಯ... ಕೆರೆಯ..." ಎಂದು ಕೂಡಿಸತೊಡಗಿದಳು. ಮುಂದಿನ ಚಾಪೆಯಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬರು ಗಡಿಯಾರ ನೋಡಿಕೊಂಡು, ಮೂರನೇ ತರಗತಿಯವಳ ಓದು ಇದೇನಾ ಎಂದು ಯಶೋಧರಾಳನ್ನು ಕೇಳಿದರು.

ಯಶೋಧರಾ ತಲೆ ತಗ್ಗಿಸಲಿಲ್ಲ.

"ಹೌದ್ರಿ ಸರ್, ಇಷ್ಟ ಬರ್ತೈತಿ. ಜೂನ್‌ದಾಗ ಒಂದು ಅಕ್ಷರಾನೂ ಬರ್ತಿರ್ಲಿಲ್ಲ. ಈಕಿಗೆ ಇವತ್ತ ರಜಾ ಕೊಟ್ಟಿದ್ರು, ನಾನ ಮನಿಗಿ ಹೋಗಿ ಕರ್ಕೊಂಡ್ ಬಂದೇನಿ. ಸಾಲು ಮುಗಿಯೂತನಕ ಕೇಳ್ರಿ."

ಈಶ್ವರ ಸರ್ ಕಿಟಕಿಯ ಹೊರಗೆ ನೋಡತೊಡಗಿದರು. ಸಾಹೇಬರು ಅವರನ್ನೊಮ್ಮೆ, ಇವಳನ್ನೊಮ್ಮೆ ನೋಡಿ, ಮುಂದೆ ಓದು ಎಂದು ಕಾಜಲ್‌ಗೆ ಕೈಸನ್ನೆ ಮಾಡಿದರು. ಕಾಜಲ್ ತಡವರಿಸುತ್ತ, ತಪ್ಪಿದ ಪದಕ್ಕೆ ಮತ್ತೆ ಹಿಂದೆ ಹೋಗುತ್ತ, ಅಂತೂ ಸಾಲಿನ ಕೊನೆ ಮುಟ್ಟಿದಳು.

ಸಾಕು, ಕೂಡು ಎಂದ ಸಾಹೇಬರು ಅಭಿಪ್ರಾಯ ಬರೆಯಲು ಜೇಬಿನಿಂದ ಪೆನ್ನು ತೆಗೆದರು. ಏನು ಬರೆಯುತ್ತಾರೆಂದು ಯಶೋಧರಾಗೆ ಗೊತ್ತಿತ್ತು. ಬರೆಯಲಿ, ಎಂದುಕೊಂಡಳು. ಏನೇ ಬರೆದರೂ ಇಲ್ಲಿ ಕುಳಿತ ಮಕ್ಕಳನ್ನೆಲ್ಲ ಕಂಡೇ ಬರೆಯಬೇಕು.

ಕಾಜಲ್ ಕೂಡಲಿಲ್ಲ. ಅವಳ ಬೆರಳು ಕೆಳಗಿನ ಸಾಲಿಗೆ ಜಾರಿತ್ತು.

"ಇನ್ನೂ ಐತ್ರಿ ಸರ್," ಎಂದವಳೇ, ಯಾರ ಅಪ್ಪಣೆಗೂ ಕಾಯದೆ ಓದತೊಡಗಿದಳು.