ಮೇಲೆ ಬಾರದ್ದು

ಐಜು ಬೆಟ್ಟಗಳ ಹಿಮ ಕರಗಿ ಹಳ್ಳಗಳು ತುಂಬಿದ್ದ ಜೂನ್ ತಿಂಗಳು. ಬೆಳಗಾಗಿತ್ತು, ಬಿಸಿಲಿನ್ನೂ ಅಂಗಳಕ್ಕೆ ಇಳಿದಿರಲಿಲ್ಲ. ಮಿಯೊ ಬೆನ್ನಿನ ಬುಟ್ಟಿಯನ್ನು ಜಗಲಿಗೆ ಇಳಿಸಿ, ಹಳ್ಳದಲ್ಲಿ ಇಟ್ಟಿದ್ದ ಕೂಳಿಗೆ, ಬಿದಿರು ಹೆಣೆದ ಬೋನಿಗೆ, ಬಿದ್ದದ್ದನ್ನೆಲ್ಲ ಮರದ ತೊಟ್ಟಿಯ ನೀರಿಗೆ ಸುರಿದಳು. ಗೇಣುದ್ದದ ಸಲಮ್ಯಾಂಡರ್‌ಗಳು, ಊರಿನವರ ಬಾಯಲ್ಲಿ ಹಳ್ಳದ ಹಲ್ಲಿಗಳು, ಒಂದರ ಮೇಲೊಂದು ಹೊರಳುತ್ತ ತಳ ಸೇರಿದವು.

"ಅಯ್ಯೋ ತಾಯಿ, ಕೆರೆ ಹಲ್ಲಿಗಳನ್ನೂ ಬಾಚ್ಕೊಂಡು ಬಂದಿದ್ದೀಯಲ್ಲ!" ಪಕ್ಕದ ಮನೆಯ ಯಸುಕಿಚಿ ಅಜ್ಜ ಬಗ್ಗಿ ನೋಡಿ ನಕ್ಕ. "ಇದನ್ನ ತಿನ್ಸಿದ್ರೆ ನಿನ್ನ ಗಂಡ ಕಪ್ಪೆ ಥರ ವಟಗುಟ್ತಾನೆ, ಅಷ್ಟೆ."

"ನಂಗೇನ್ ಗೊತ್ತಜ್ಜ? ಎಲ್ಲಾ ಒಂದೇ ಥರ ಕಾಣ್ತವೆ."

ಆ ಊರಲ್ಲಿ ಹಲ್ಲಿ ಹಿಡಿಯಲು ಮನೆಗೊಂದು ಹಳ್ಳ. ಮಾವ ತೀರಿಕೊಂಡ ಮೇಲೆ ಇವರ ಹಳ್ಳದಲ್ಲಿ ಕೂಳಿ ಇಡುವವರೇ ಇರಲಿಲ್ಲ. ಗಂಡ ತೊಕುಜಿ ಮೀಸೆ ಚಿಗುರುವ ಮೊದಲೇ ಅಣೆಕಟ್ಟಿನ ಸುರಂಗ ಕೊರೆಯಲು ಹೋದವನು, ಎದೆತುಂಬ ಕಲ್ಲಿನ ಧೂಳು ತುಂಬಿಕೊಂಡು ಮರಳಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಾಸಿಗೆಯ ಸುರುಳಿಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದ. ಪಟ್ಟಣದ ವೈದ್ಯರು ಕೈಚೆಲ್ಲಿದ್ದರು. ಹೊಗೆಯಲ್ಲಿ ಒಣಗಿಸಿದ ಹಳ್ಳದ ಹಲ್ಲಿ ತಿಂದರೆ ಉಸಿರಿಗೆ ಬಲ ಬರುತ್ತದೆಂದು ಹಿರಿಯರು ಹೇಳುತ್ತಿದ್ದರು. ಮಿಯೊಗೆ ಉಳಿದದ್ದು ಅದೊಂದೇ.

ಅಜ್ಜ ಒಂದನ್ನು ಎತ್ತಿ ಅದರ ಪಾದ ತೋರಿಸಿದ. "ಕಪ್ಪುಗುರು ನೋಡು, ಇದು ನಮ್ಮದು. ಅನುಮಾನ ಬಂದ್ರೆ ನೀರಲ್ಲಿ ಬಿಟ್ಟು ಸುಮ್ನೆ ಕೂತ್ಕೋ. ಕೆರೇದು ಗಾಳಿ ಕುಡಿಯೋಕೆ ಮೇಲೆ ಬರುತ್ತೆ. ನಮ್ಮದು ಬರೋದೇ ಇಲ್ಲ."

"ಬರೋದೇ... ಇಲ್ವಾ?" ಒಳಗಿನಿಂದ ತೊಕುಜಿ ಕೇಳಿದ.

"ಶ್ವಾಸಕೋಶ ಇದ್ರಲ್ವೇನಯ್ಯಾ ಬರೋದು!"

ತೊಕುಜಿ ತೆವಳುತ್ತ ಜಗಲಿಗೆ ಬಂದ. ಆಗಲೇ ಸತ್ತಿದ್ದ ಒಂದು ಹಲ್ಲಿಯನ್ನು ಅಜ್ಜ ಚಾಕುವಿನಿಂದ ಸೀಳಿ ಅವನೆದುರು ಹಿಡಿದ. ಕಾಳಿನಷ್ಟು ಹೃದಯ, ಕಂದು ಪಿತ್ತಜನಕಾಂಗ, ದಾರದಂಥ ಕರುಳು. ಶ್ವಾಸಕೋಶ ಇರಬೇಕಾದಲ್ಲಿ ಏನೂ ಇರಲಿಲ್ಲ.

"ಮತ್ತೆ ಉಸಿರು?"

"ಮೈಯೆಲ್ಲಾ ಉಸಿರೇ ಕಣಯ್ಯ. ಚರ್ಮದಲ್ಲೇ ಹೀರ್ಕೊಳ್ಳುತ್ತೆ. ತಣ್ಣನೆ ನೀರೊಂದಿದ್ರೆ ಸಾಕು."

ತೊಕುಜಿ ತೊಟ್ಟಿಯ ಹತ್ತಿರ ಸರಿದು ನೀರಿನೊಳಗೆ ಇಣುಕಿದ.

ಅಂದಿನಿಂದ ಬೇರ್ಪಡಿಸುವ ಕೆಲಸ ಅವನದಾಯಿತು. ತೊಟ್ಟಿಯ ಅಂಚಿಗೆ ಗಲ್ಲವಿಟ್ಟು ಕೂರುತ್ತಿದ್ದ. ಮೇಲೆ ಬಂದು ಗುಳುಕ್ಕೆಂದದ್ದನ್ನು ಸೌಟಿನಲ್ಲಿ ಎತ್ತಿ ಬೇರೆ ಹಾಕುತ್ತಿದ್ದ. ಉಳಿದವು ಒಲೆಯ ಮೇಲಿನ ಹೊಗೆಗೆ ಹೋಗುತ್ತಿದ್ದವು. ಒಮ್ಮೊಮ್ಮೆ ತಾನೂ ಉಸಿರು ಬಿಗಿಹಿಡಿದು ನೋಡಿ, ಕೆಮ್ಮು ಒತ್ತರಿಸಿ ಬಂದು, ಕಣ್ಣಲ್ಲಿ ನೀರಾಡಿದರೂ ನಗುತ್ತಿದ್ದ.

"ಹೆಣ್ಣು ನೋಡೋಕೆ ಹೋದೋನ ಥರ ಕೂತಿದ್ದೀಯಲ್ಲೋ!" ಎಂದು ಅಜ್ಜ ಛೇಡಿಸುತ್ತಿದ್ದ.

ಮಿಯೊ ಒಣಗಿಸಿ ಕೊಟ್ಟದ್ದನ್ನು ಅವನು ಅಗಿಯುತ್ತಿದ್ದ. ಉಸಿರು ಮಾತ್ರ ದಿನದಿಂದ ದಿನಕ್ಕೆ ಗಿಡ್ಡವಾಯಿತು. ಒಂದು ಸಂಜೆ ತೊಟ್ಟಿಯಲ್ಲಿ ಉಳಿದಿದ್ದ ಕೊನೆಯದಕ್ಕೆ ಅವಳು ಕೈಹಾಕಿದಾಗ ಅವನು ಕೈ ಅಡ್ಡ ಹಿಡಿದ.

"ಇದನ್ನ ಬಿಡೇ. ನೋಡ್ತಾ ಇರ್ತೀನಿ."

"ನೋಡಿದ್ರೆ ಉಸಿರು ಬರುತ್ತೇನ್ರೀ? ತಿನ್ನಿ!"

"ಸುರಂಗದಲ್ಲಿ... ಗಾಳಿಗೋಸ್ಕರ ಬಾಯಿಬಿಟ್ಕೊಂಡು ಓಡ್ತಿದ್ವಿ ಕಣೇ, ಒಬ್ಬರನ್ನೊಬ್ಬರು ತಳ್ಕೊಂಡು. ಇದು ನೋಡು." ಅವನು ಉಸಿರೆಳೆಯಲು ತಡೆದ. "ಯಾರನ್ನೂ ಏನೂ ಕೇಳೋದಿಲ್ಲ."

ಮಿಯೊ ಪಕ್ಕದಲ್ಲಿ ಕೂತಳು. ನೀರಿನಡಿ ಕಪ್ಪುಗುರಿನ ಪುಟ್ಟ ಪಾದಗಳು ತೊಟ್ಟಿಯ ತಳಕ್ಕೆ ಊರಿಕೊಂಡಿದ್ದವು. ಮೈ ಏರಲಿಲ್ಲ, ಇಳಿಯಲಿಲ್ಲ. ದುಂಡು ಕಣ್ಣು ಮಾತ್ರ ತೆರೆದಿತ್ತು. ಮರುದಿನದಿಂದ ಅವಳು ಬೆಳಗ್ಗೆ ಸಂಜೆ ಹಳ್ಳದಿಂದ ತಣ್ಣೀರು ಹೊತ್ತು ತಂದು ತೊಟ್ಟಿಗೆ ಹೊಯ್ದಳು.

ಮಳೆಗಾಲ ಕಳೆಯಿತು. ಒಂದು ಮುಂಜಾವ ಮಿಯೊ ಎದ್ದು ಬಂದಾಗ ತೊಕುಜಿಯ ಗಲ್ಲ ತೊಟ್ಟಿಯ ಅಂಚಿನ ಮೇಲೇ ಇತ್ತು.

ಎಲ್ಲ ಮುಗಿದ ಮೇಲೆ ಅವಳು ತೊಟ್ಟಿ ಹೊತ್ತು ಹಳ್ಳಕ್ಕೆ ಹೋಗಿ ಮೆಲ್ಲಗೆ ಬಗ್ಗಿಸಿದಳು. ಹಲ್ಲಿ ಅವಸರವಿಲ್ಲದೆ ನಡೆದು ಕಲ್ಲಿನ ಅಡಿ ಸೇರಿತು. ನೀರನ್ನೇ ನೋಡುತ್ತ ಮಿಯೊ ಉಸಿರು ಬಿಗಿಹಿಡಿದು ನಿಂತಿದ್ದಳು, ಎದೆ ಉರಿಯತೊಡಗುವವರೆಗೂ.

ತೊಕುಜಿ ತೀರಿಕೊಂಡದ್ದು ಊರಿನವರು ಆ ವರ್ಷದ ಹಿಡಿಯುವ ಕೆಲಸ ಮುಗಿಸಿ ಕೂಳಿಗಳನ್ನು ಎತ್ತಿಟ್ಟ ದಿನ.